ಕಾಯಿಲೆಯ ಭಯವನ್ನು ಅಳೆಯಲು ಯಾವ ಪ್ರಶ್ನಾವಳಿ ಆರಿಸಬೇಕು?

ಕೆಲವು ವರ್ಷಗಳ ಹಿಂದೆ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಪ್ರಬಂಧದ ಕರಡು ಹಿಡಿದುಕೊಂಡು ನನ್ನ ಬಳಿ ಬಂದಿದ್ದಳು. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಕಾಯಿಲೆಯ ಆತಂಕ ಎಷ್ಟಿದೆ ಎಂಬುದು ಅವಳ ವಿಷಯ. ಅದಕ್ಕೆ ಬಳಸಿದ್ದು ‘ಇಲ್‌ನೆಸ್ ಆಟಿಟ್ಯೂಡ್ ಸ್ಕೇಲ್ಸ್’. ಅಂಕಗಳು ಹೆಚ್ಚಾಗಿ ಬಂದಿದ್ದರಿಂದ ‘ಈ ರೋಗಿಗಳಲ್ಲಿ ರೋಗಭ್ರಮೆಯ ಮನೋಭಾವ ಕಂಡುಬಂದಿದೆ’ ಎಂದು ತೀರ್ಮಾನ ಬರೆದಿದ್ದಳು. ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಒಂದೊಂದಾಗಿ ನೋಡಿದೆ. ವೈದ್ಯರನ್ನು ಎಷ್ಟು ಸಲ ಕಾಣುತ್ತೀರಿ, ಕಳೆದ ವರ್ಷ ಎಷ್ಟು ಸಲ ಚಿಕಿತ್ಸೆ ಪಡೆದಿರಿ ಎಂಬ ಸಾಲುಗಳಲ್ಲಿ ಹಾಳೆ ಹಾಳೆಗೂ ಪೂರ್ತಿ ಅಂಕ. ವಾರಕ್ಕೆ ಎರಡು ಮೂರು ಸಲ ಯಂತ್ರದ ಪಕ್ಕ ತೋಳು ಚಾಚಿ ಮಲಗುವವರು ಬೇರೆ ಏನು ಉತ್ತರ ಕೊಟ್ಟಾರು? ಅವರ ಕಾಯಿಲೆಯೇ ಅಂಕವಾಗಿ ಕುಳಿತಿತ್ತು. ಅದನ್ನು ಅವರ ಮನಸ್ಸಿನ ದೋಷವೆಂದು ಬರೆಯಲು ಹೊರಟಿದ್ದೆವು.

ತಪ್ಪು ಆ ಹುಡುಗಿಯದಲ್ಲ. ಪ್ರಶ್ನಾವಳಿಯ ಹೆಸರಿನಲ್ಲಿ ‘ಕಾಯಿಲೆ’ ಮತ್ತು ‘ಮನೋಭಾವ’ ಎರಡೂ ಇದ್ದವು, ಹಿಂದಿನ ಪ್ರಬಂಧವೊಂದರಲ್ಲಿ ಅದು ಸಿಕ್ಕಿತ್ತು, ತೆಗೆದುಕೊಂಡಳು. ಹೆಸರು ನೋಡಿ ಆರಿಸುವ ಈ ರೂಢಿಯನ್ನು ಬಿಡಿಸಬೇಕು ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಮನೋವಿಜ್ಞಾನ, ನರ್ಸಿಂಗ್, ಸಮುದಾಯ ವೈದ್ಯಕೀಯದ ವಿದ್ಯಾರ್ಥಿಗಳಿಗೂ ಹೊರರೋಗಿ ವಿಭಾಗದಲ್ಲಿ ಕೆಲಸ ಮಾಡುವ ಆಪ್ತಸಮಾಲೋಚಕರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು

‘ಆರೋಗ್ಯದ ಆತಂಕ’ ಎಂಬ ಒಂದೇ ಮಾತಿನೊಳಗೆ ಹಲವು ಸಂಗತಿಗಳಿವೆ. ಮುಂದೆ ಕ್ಯಾನ್ಸರ್ ಬಂದೀತು ಎಂಬ ಭಯ ಒಂದು. ಈಗಾಗಲೇ ಬಂದುಬಿಟ್ಟಿದೆ, ವೈದ್ಯರಿಗೆ ಸಿಗುತ್ತಿಲ್ಲ ಎಂಬ ನಂಬಿಕೆ ಇನ್ನೊಂದು. ಮೈಯಲ್ಲಿ ಆಗುವ ಸಣ್ಣ ಮಿಡಿತವನ್ನೂ ಹಿಡಿದು ಕೂರುವ ಗಮನ ಮತ್ತೊಂದು. ಪದೇಪದೇ ಸ್ಕ್ಯಾನ್ ಮಾಡಿಸುವುದು, ಮನೆಯವರಿಂದ ‘ಏನೂ ಆಗಿಲ್ಲ’ ಎಂದು ಹೇಳಿಸಿಕೊಳ್ಳುವುದು, ಇಲ್ಲವೇ ಆಸ್ಪತ್ರೆಯ ದಾರಿಯನ್ನೇ ತಪ್ಪಿಸಿ ನಡೆಯುವುದು, ಇವೆಲ್ಲ ನಡವಳಿಕೆ. ಇವುಗಳಿಗೆ ಪೂರ್ತಿ ಹೊರಗಿರುವುದು ಕಾಯಿಲೆ ಖಚಿತವಾಗಿ ಇರುವವರು ಅದನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಎಂಬ ಪ್ರಶ್ನೆ. ಅದು ಆತಂಕವಲ್ಲ, ತಿಳಿವಳಿಕೆ. ನಮ್ಮ ವಿದ್ಯಾರ್ಥಿನಿ ನಿಜವಾಗಿ ಕೇಳಬೇಕಿದ್ದುದು ಬಹುಪಾಲು ಇದನ್ನೇ.

ನನ್ನ ಅಧ್ಯಯನಕ್ಕೆ ಇವುಗಳಲ್ಲಿ ಯಾವುದು ಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಆ ವಾಕ್ಯ ಬರೆಯಲು ಆಗದಿದ್ದರೆ ಪ್ರಶ್ನಾವಳಿ ಹುಡುಕುವ ಕೆಲಸವನ್ನು ಇನ್ನೂ ಆರಂಭಿಸಬಾರದು.

ವೈಟ್ಲಿ ಇಂಡೆಕ್ಸ್: ಹಳೆಯದು, ಸರಳ

ಇಸ್ಸಿ ಪಿಲೊವ್‌ಸ್ಕಿ ಎಂಬ ಮನೋವೈದ್ಯರು 1967ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಇದು. 14 ಪ್ರಶ್ನೆಗಳು, ಹೌದು ಅಥವಾ ಇಲ್ಲ ಎಂಬ ಉತ್ತರ, ಒಟ್ಟು 14 ಅಂಕ. ದೇಹದ ಮೇಲಿನ ಅತಿಯಾದ ಗಮನ, ಕಾಯಿಲೆಯ ಭಯ, ವೈದ್ಯರು ಧೈರ್ಯ ಹೇಳಿದರೂ ಕರಗದ ನಂಬಿಕೆ ಎಂಬ ಮೂರು ಎಳೆಗಳನ್ನು ಅವರು ಇದರಲ್ಲಿ ಗುರುತಿಸಿದರು. ಮುಂದೆ 1999ರಲ್ಲಿ ಡೆನ್ಮಾರ್ಕಿನ ಪರ್ ಫಿಂಕ್ ಮತ್ತು ಸಂಗಡಿಗರು ಸಾಮಾನ್ಯ ವೈದ್ಯರ ಬಳಿಗೆ ಬರುವವರಿಗಾಗಿ ಇದನ್ನು 7 ಪ್ರಶ್ನೆಗಳಿಗೆ ಇಳಿಸಿದರು.

ಓದು ಬಾರದವರಿಗೆ ಪ್ರಶ್ನೆಯನ್ನು ಓದಿ ಹೇಳಬೇಕಾದ ಕಡೆ ನಾನು ಮೊದಲು ನೆನೆಯುವುದು ಇದನ್ನೇ. ಒಂದು ಪ್ರಶ್ನೆ, ಒಂದು ಉತ್ತರ, ಮುಂದಕ್ಕೆ. ಆದರೆ ಹೌದು–ಇಲ್ಲಗಳ ಸರಳತೆಗೆ ತನ್ನದೇ ತೊಡಕಿದೆ. ‘ಚಿಂತಿಸುವಂಥದ್ದು ಏನೂ ಇಲ್ಲ ಎಂದು ವೈದ್ಯರು ಹೇಳಿದಾಗ ನಂಬುವುದು ನಿಮಗೆ ಕಷ್ಟವಾಗುತ್ತದೆಯೇ?’ ಎಂಬ ಅರ್ಥದ ಪ್ರಶ್ನೆ ಇದರಲ್ಲಿ ಬರುತ್ತದೆ. ಬಿಳಿ ಕೋಟು ತೊಟ್ಟವರು ಆಸ್ಪತ್ರೆಯ ಕೋಣೆಯಲ್ಲಿ ಕುಳಿತು ಇದನ್ನು ಕೇಳಿದರೆ ‘ಡಾಕ್ಟರ ಮಾತನ್ನು ನಂಬದೆ ಇರಲಾದೀತೇ’ ಎಂಬ ಉತ್ತರ ಬರುತ್ತದೆ. ಅದು ಗೌರವದ ಉತ್ತರ. ಅದೇ ವ್ಯಕ್ತಿಯ ಚೀಲದಲ್ಲಿ ಮೂರು ಬೇರೆ ಬೇರೆ ಪ್ರಯೋಗಾಲಯಗಳ ಇಸಿಜಿ ವರದಿ ಮಡಚಿಟ್ಟುಕೊಂಡಿರುತ್ತದೆ. ಹಾಗಾಗಿ ಈ ಪ್ರಶ್ನೆಯನ್ನು ಚಿಕಿತ್ಸೆ ಕೊಡದವರು, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಕೇಳುವುದು ಒಳ್ಳೆಯದು. ಚಿಕಿತ್ಸೆಯ ಮುಂಚೆ ಮತ್ತು ನಂತರ ಆದ ಸಣ್ಣ ಬದಲಾವಣೆಯನ್ನು ಹಿಡಿಯಲು ಹೌದು–ಇಲ್ಲ ರೂಪ ಸಾಲದು. ‘ಹೌದು’ ಎಂದಿದ್ದವರ ಭಯ ಅರ್ಧಕ್ಕೆ ಇಳಿದರೂ ಉತ್ತರ ‘ಹೌದು’ ಎಂದೇ ಉಳಿಯುತ್ತದೆ.

ಇಲ್‌ನೆಸ್ ಆಟಿಟ್ಯೂಡ್ ಸ್ಕೇಲ್ಸ್: ವಿಸ್ತಾರವಾದದ್ದು, ಎಚ್ಚರಿಕೆ ಬೇಡುವಂಥದ್ದು

ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿದ್ದ ರಾಬರ್ಟ್ ಕೆಲ್ನರ್ 1980ರ ದಶಕದಲ್ಲಿ ರೂಪಿಸಿದ್ದು. 29 ಪ್ರಶ್ನೆಗಳು; ಅವುಗಳಲ್ಲಿ 27ಕ್ಕೆ 0ರಿಂದ 4ರವರೆಗೆ ಅಂಕ. ಮೂರು ಮೂರು ಪ್ರಶ್ನೆಗಳ ಒಂಬತ್ತು ಗುಂಪುಗಳು: ಕಾಯಿಲೆಯ ಚಿಂತೆ, ನೋವಿನ ಚಿಂತೆ, ಆರೋಗ್ಯದ ಅಭ್ಯಾಸಗಳು, ಕಾಯಿಲೆ ಇದೆಯೆಂಬ ನಂಬಿಕೆ, ಸಾವಿನ ಭಯ, ನಿರ್ದಿಷ್ಟ ಕಾಯಿಲೆಗಳ ಭಯ, ದೇಹದ ಮೇಲಿನ ಗಮನ, ಚಿಕಿತ್ಸೆಯ ಅನುಭವ, ಲಕ್ಷಣಗಳಿಂದ ಬದುಕಿಗಾದ ತೊಂದರೆ. ಒಟ್ಟು 108.

ಒಂಬತ್ತು ಗುಂಪುಗಳಿರುವುದೇ ಇದರ ಸಂಪತ್ತು. ಒಬ್ಬರ ಭಯ ಸಾವಿನ ಸುತ್ತ ಇದೆಯೋ, ಹೃದಯದ ಸುತ್ತ ಇದೆಯೋ ಎಂಬುದನ್ನು ಬೇರೆ ಪ್ರಶ್ನಾವಳಿಗಳು ಇಷ್ಟು ಬಿಡಿಸಿ ತೋರಿಸುವುದಿಲ್ಲ. ಆದರೆ ಎಲ್ಲವನ್ನೂ ಕೂಡಿಸಿ ಒಂದೇ ಒಟ್ಟಂಕ ಬರೆಯುವುದಕ್ಕೆ ನನ್ನ ವಿರೋಧವಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 1990ರ ದಶಕದಲ್ಲಿ ಇದನ್ನು ಪರೀಕ್ಷಿಸಿದ ಸಂಶೋಧಕರಿಗೂ ಒಂಬತ್ತು ಗುಂಪುಗಳ ಬದಲು ಎರಡು ದೊಡ್ಡ ರಾಶಿಗಳು ಕಂಡವು: ಆರೋಗ್ಯದ ಆತಂಕ ಒಂದು, ಕಾಯಿಲೆಯ ನಡವಳಿಕೆ ಇನ್ನೊಂದು. ಈ ಎರಡನ್ನು ಬೇರೆಯಾಗಿಯೇ ಇಡಬೇಕು.

ನಮ್ಮ ನೆಲದಲ್ಲಿ ನಡವಳಿಕೆಯ ಪ್ರಶ್ನೆಗಳು ಇನ್ನಷ್ಟು ಜಾರುತ್ತವೆ. ‘ಕಳೆದ ವರ್ಷ ಎಷ್ಟು ಬೇರೆ ಬೇರೆ ವೈದ್ಯರನ್ನು ಕಂಡಿರಿ’ ಎಂಬುದನ್ನೇ ತೆಗೆದುಕೊಳ್ಳಿ. ಕೇಳಿದವರ ಉದ್ದೇಶ ಒಬ್ಬರ ಮಾತು ಸಮಾಧಾನ ತರದೆ ಇನ್ನೊಬ್ಬರ ಬಳಿ ಓಡುವವರನ್ನು ಗುರುತಿಸುವುದು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ವಿಭಾಗಕ್ಕೆ ಆರು ಸಲ ಹೋದರೆ ಆರು ಜನ ಬೇರೆ ಬೇರೆ ಕಿರಿಯ ವೈದ್ಯರು ಸಿಗುತ್ತಾರೆ. ಆ ಸಂಖ್ಯೆ ಆಸ್ಪತ್ರೆಯ ಪಾಳಿಯದು, ರೋಗಿಯ ಆತಂಕದ್ದಲ್ಲ. ನಾಟಿ ವೈದ್ಯರು, ಮೂಳೆ ಕಟ್ಟುವವರು, ತಾಯತ ಕೊಡುವವರು ಈ ಲೆಕ್ಕಕ್ಕೆ ಸೇರುತ್ತಾರೆಯೇ ಎಂಬುದನ್ನು ಕೇಳುವವರು ಮೊದಲೇ ನಿರ್ಧರಿಸಿರಬೇಕು. ಇಲ್ಲದಿದ್ದರೆ ಒಬ್ಬ ಸಂದರ್ಶಕ ಸೇರಿಸುತ್ತಾನೆ, ಇನ್ನೊಬ್ಬ ಬಿಡುತ್ತಾನೆ.

‘ಆರೋಗ್ಯಕ್ಕೆ ಒಳ್ಳೆಯದಲ್ಲದ ಆಹಾರವನ್ನು ಬಿಡುತ್ತೀರಾ’ ಎಂಬ ಪ್ರಶ್ನೆಯೂ ಹಾಗೆಯೇ. ಗಾಯವಾಗಿದ್ದಾಗ ಬದನೆಕಾಯಿ ನಂಜು, ಪಪ್ಪಾಯಿ ಉಷ್ಣ, ಆಲೂಗಡ್ಡೆ ವಾಯು ಎಂದು ಪಥ್ಯ ಮಾಡುವುದು ಮನೆಯ ನಡೆ. ಅತ್ತೆ ಹೇಳಿದರು, ಸೊಸೆ ಬಿಟ್ಟಳು. ಅಲ್ಲಿ ಆತಂಕವೇ ಇಲ್ಲದೆ 4 ಅಂಕ ಬರುತ್ತದೆ.

ಸಾವಿನ ಪ್ರಶ್ನೆಗಳ ಬಗ್ಗೆ ಒಂದು ನೆನಪು. ಸಾವಿನ ಯೋಚನೆ ಹೆದರಿಸುತ್ತದೆಯೇ, ಬೇಗ ಸಾಯುತ್ತೇನೆ ಎಂಬ ಭಯವಿದೆಯೇ ಎಂದು ನಾನು ಓದಿ ಹೇಳುತ್ತಿದ್ದೆ. ಎದುರಿಗೆ ಕುಳಿತಿದ್ದ ಅಜ್ಜಿ ಉತ್ತರ ಹೇಳಲಿಲ್ಲ. ಕೈ ಚಾಚಿ ನನ್ನ ಮೊಣಕೈ ಮುಟ್ಟಿ, ‘ಬಿಡ್ತು ಅನ್ನು ತಾಯಿ’ ಎಂದರು. ನಾನು ‘ಬಿಡ್ತು’ ಎಂದ ಮೇಲೆಯೇ ಅವರು ಮುಂದಿನ ಪ್ರಶ್ನೆಗೆ ಕಿವಿ ಕೊಟ್ಟಿದ್ದು. ಅವರ ಹಾಳೆಯಲ್ಲಿ ಆ ಸಾಲನ್ನು ಖಾಲಿ ಬಿಟ್ಟು ‘ಉತ್ತರಿಸಲಿಲ್ಲ’ ಎಂದು ಬರೆದೆ. ಅದಕ್ಕೆ ಸೊನ್ನೆ ಹಾಕುವುದೂ ತಪ್ಪು, ನಾಲ್ಕು ಹಾಕುವುದೂ ತಪ್ಪು. ಈ ಗುಂಪಿನ ಪ್ರಶ್ನೆಗಳನ್ನು ಸಂದರ್ಶನದ ಕೊನೆಗೆ ಇಡಬೇಕೆಂದು ಅನಿಸುತ್ತದೆ, ಆದರೆ ಪ್ರಶ್ನೆಗಳ ಕ್ರಮ ಬದಲಿಸಿದರೆ ಬೇರೆಯವರ ಫಲಿತಾಂಶದೊಂದಿಗೆ ಹೋಲಿಸಲು ಕಷ್ಟವಾಗುತ್ತದೆ. ಕ್ರಮ ಹಾಗೆಯೇ ಇರಲಿ. ಆರಂಭದಲ್ಲಿಯೇ ‘ಕೆಲವು ಪ್ರಶ್ನೆಗಳು ಕೇಳಲು ಹಿತವಾಗಿರುವುದಿಲ್ಲ, ಬೇಡವೆನಿಸಿದರೆ ಉತ್ತರಿಸಬೇಕಿಲ್ಲ’ ಎಂದು ಹೇಳಿಬಿಡಿ.

ಹೆಲ್ತ್ ಆಂಗ್ಸೈಟಿ ಇನ್ವೆಂಟರಿ: ನಾನು ಹೆಚ್ಚು ಸಲ ಆರಿಸುವುದು

ಪಾಲ್ ಸಾಲ್ಕೊವ್‌ಸ್ಕಿಸ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟನ್ನಿನಿಂದ ಪ್ರಕಟಿಸಿದರು. ಮೂಲದಲ್ಲಿ 64 ಅಂಶಗಳು. ಸಂಶೋಧನೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು 18 ಅಂಶಗಳ ಕಿರಿದಾದ ರೂಪ. ಪ್ರತಿ ಅಂಶದಲ್ಲೂ ನಾಲ್ಕು ವಾಕ್ಯಗಳು, ‘ಚಿಂತಿಸುವುದಿಲ್ಲ’ ಎಂಬಲ್ಲಿಂದ ‘ಹೆಚ್ಚಿನ ಹೊತ್ತು ಚಿಂತಿಸುತ್ತೇನೆ’ ಎಂಬವರೆಗೆ ಮೆಟ್ಟಿಲುಮೆಟ್ಟಿಲಾಗಿ. ತನಗೆ ಹೊಂದುವ ವಾಕ್ಯವನ್ನು ಆರಿಸಬೇಕು. 0ರಿಂದ 3 ಅಂಕ. ಎರಡು ವಾಕ್ಯ ಹೊಂದುತ್ತವೆ ಎಂದು ಗುರುತು ಹಾಕಿದರೆ ಹೆಚ್ಚಿನ ಅಂಕದ್ದನ್ನು ತೆಗೆದುಕೊಳ್ಳುವುದು ನಿಯಮ.

ಇದರ ದೊಡ್ಡ ಗುಣವೆಂದರೆ ದೇಹದಲ್ಲಿ ಕಾಯಿಲೆ ಇದ್ದವರಿಗೂ ಇಲ್ಲದವರಿಗೂ ಒಂದೇ ಹಾಳೆ ಸಲ್ಲಬೇಕೆಂಬ ಉದ್ದೇಶದಿಂದಲೇ ಇದನ್ನು ಕಟ್ಟಿದ್ದಾರೆ. ಎಷ್ಟು ಸಲ ಆಸ್ಪತ್ರೆಗೆ ಹೋದಿರಿ ಎಂದು ಎಣಿಸುವುದಕ್ಕಿಂತ ಯೋಚನೆ ಎಷ್ಟು ಹೊತ್ತು ಮನಸ್ಸನ್ನು ಹಿಡಿದಿರುತ್ತದೆ, ಅದನ್ನು ಬದಿಗೆ ಸರಿಸಲು ಆಗುತ್ತದೆಯೇ, ವೈದ್ಯರು ಹೇಳಿದ ಮೇಲೆ ನೆಮ್ಮದಿ ಎಷ್ಟು ದಿನ ಉಳಿಯುತ್ತದೆ ಎಂದು ಕೇಳುತ್ತದೆ. ಡಯಾಲಿಸಿಸ್‌ಗೆ ಹೋಗಿ ಬಂದು, ಉಳಿದ ಹೊತ್ತಿನಲ್ಲಿ ಅಂಗಡಿ ನಡೆಸುತ್ತಾ ನೆಮ್ಮದಿಯಾಗಿರುವ ವ್ಯಕ್ತಿಗೆ ಇಲ್ಲಿ ಕಡಿಮೆ ಅಂಕವೇ ಬರುತ್ತದೆ, ಬರಬೇಕಾದದ್ದೂ ಅದೇ. ಪೀಟರ್ ಟೈರರ್ ಮತ್ತು ಸಂಗಡಿಗರು ಇಂಗ್ಲೆಂಡಿನ ಆಸ್ಪತ್ರೆಗಳ ಹೃದ್ರೋಗ, ನರರೋಗ, ಶ್ವಾಸಕೋಶ, ಜಠರ–ಕರುಳು ಮತ್ತು ಹಾರ್ಮೋನು ಚಿಕಿತ್ಸಾಲಯಗಳಲ್ಲಿ 444 ಜನರ ಮೇಲೆ ಮಾತಿನ ಚಿಕಿತ್ಸೆಯ ಪ್ರಯೋಗ ನಡೆಸಿ 2014ರಲ್ಲಿ ವರದಿ ಮಾಡಿದಾಗ ಆರಿಸಿಕೊಂಡ ಅಳತೆಗೋಲೂ ಇದೇ.

ಇಲ್ಲೊಂದು ಗೊಂದಲವನ್ನು ಪ್ರಬಂಧದಿಂದ ಪ್ರಬಂಧಕ್ಕೆ ಕಾಣುತ್ತೇನೆ. 18 ಅಂಶಗಳಲ್ಲಿ ಮೊದಲ 14 ಆತಂಕದವು. ಕೊನೆಯ 4 ‘ಒಂದು ವೇಳೆ ಗಂಭೀರ ಕಾಯಿಲೆ ಬಂದರೆ ಬದುಕು ಹೇಗಾಗಬಹುದು’ ಎಂದು ಊಹಿಸಲು ಹೇಳುತ್ತವೆ. ಕಾಯಿಲೆಯ ಚಿಂತೆಯೇ ಇಲ್ಲದವರೂ ಅದು ಬಂದರೆ ಘೋರ ಎನ್ನಬಹುದು. ಹಾಗಾಗಿ 14ರ ಮೊತ್ತ ಬೇರೆ, ಅದು 42ಕ್ಕೆ. 18ರ ಮೊತ್ತ ಬೇರೆ, ಅದು 54ಕ್ಕೆ. ಆತಂಕ ಹೆಚ್ಚಿದೆ ಎನ್ನಲು ಕನಿಷ್ಠ ಇಷ್ಟು ಬರಬೇಕು ಎಂದು ಸಾಮಾನ್ಯವಾಗಿ ಉಲ್ಲೇಖಿಸುವ 18 ಎಂಬ ಗಡಿ ಅಂಕ 14 ಅಂಶಗಳ ರೂಪಕ್ಕೆ ಸೇರಿದ್ದು. ಟೈರರ್ ತಂಡ ಅದೇ ರೂಪಕ್ಕೆ 20ರ ಗಡಿ ಇಟ್ಟಿತು. ಅಂಶಗಳ ಸಂಖ್ಯೆ 18, ಗಡಿಯೂ 18 ಆಗಿರುವುದರಿಂದ ಎರಡೂ ಕಲಸಿಹೋಗುತ್ತವೆ. ನಿಮ್ಮ ವರದಿಯಲ್ಲಿ ಯಾವ ರೂಪ, ಎಷ್ಟಕ್ಕೆ ಎಷ್ಟು ಎಂದು ಬಿಡಿಸಿ ಬರೆಯಿರಿ.

ತೊಡಕು ಇರುವುದು ಓದಿನಲ್ಲಿ. 18 ಅಂಶ, ತಲಾ ನಾಲ್ಕು ವಾಕ್ಯ, ಒಟ್ಟು 72 ವಾಕ್ಯ. ಓದಬಲ್ಲವರಿಗೆ ಹತ್ತು ನಿಮಿಷದ ಕೆಲಸ. ಆದರೆ ಬೆಂಚಿನ ಮೇಲೆ ಕುಳಿತ ರೈತರೊಬ್ಬರಿಗೆ ಓದಿ ಹೇಳುತ್ತಾ ಹೋದರೆ ನಾಲ್ಕನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಕೊನೆಗೆ ಕೇಳಿದ್ದನ್ನೇ ‘ಅದೇ’ ಎನ್ನುತ್ತಾರೆ. ಪಕ್ಕದಲ್ಲಿರುವ ಮಗ ‘ಅಪ್ಪನಿಗೆ ಯಾವಾಗಲೂ ಅದೇ ಯೋಚನೆ, ಮೂರನೆಯದು ಹಾಕಿಕೊಳ್ಳಿ’ ಎನ್ನುತ್ತಾನೆ. ಅಂಥ ಕಡೆ ವೈಟ್ಲಿ ಇಂಡೆಕ್ಸ್ ಬಳಸಿ, ಮಗನನ್ನು ಔಷಧಿ ತರಲು ಕಳುಹಿಸಿ.

ಉಳಿದವು

ಇಲ್‌ನೆಸ್ ಬಿಹೇವಿಯರ್ ಕ್ವೆಶ್ಚನೇರ್ ಕೂಡ ಪಿಲೊವ್‌ಸ್ಕಿ ಅವರದೇ. ನೀಲ್ ಸ್ಪೆನ್ಸ್ ಜೊತೆಗೂಡಿ 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಳೆಸಿದ್ದು. 62 ಪ್ರಶ್ನೆ, ಏಳು ಅಳತೆಗಳು. ಕಾಯಿಲೆಯ ಭಯದ ಜೊತೆಗೆ ಭಾವನೆಗಳನ್ನು ಅದುಮಿಡುವುದು, ಬದುಕಿನ ಬೇರೆ ಕಷ್ಟಗಳನ್ನು ಅಲ್ಲಗಳೆಯುವುದು, ಸಿಡುಕು ಇವನ್ನೂ ನೋಡುತ್ತದೆ. ದೀರ್ಘಕಾಲದ ನೋವಿನ ಚಿಕಿತ್ಸಾಲಯದಲ್ಲಿ ಇದಕ್ಕೆ ಬೆಲೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಸ್.ಕೆ. ಚತುರ್ವೇದಿ ಮತ್ತು ಸಂಗಡಿಗರು ಇದರಿಂದ 11 ಪ್ರಶ್ನೆಗಳ ಚಿಕ್ಕ ರೂಪವೊಂದನ್ನು ಸಿದ್ಧಪಡಿಸಿದರು. ನಮ್ಮ ರೋಗಿಗಳ ನಡುವೆಯೇ ಹುಟ್ಟಿದ್ದೆಂಬ ಕಾರಣಕ್ಕೆ ಕರ್ನಾಟಕದಲ್ಲಿ ಕೆಲಸ ಮಾಡುವವರು ಮೊದಲು ಅದನ್ನು ಓದಿ ನೋಡಬೇಕು.

ಪಿಎಚ್‌ಕ್ಯೂ–15 ಎಂಬುದನ್ನು ಆರೋಗ್ಯದ ಆತಂಕದ ಪ್ರಶ್ನಾವಳಿ ಎಂದು ತಪ್ಪಾಗಿ ಬಳಸುವವರಿದ್ದಾರೆ. ಅದು ಹೊಟ್ಟೆನೋವು, ಬೆನ್ನುನೋವು, ತಲೆಸುತ್ತು ಮುಂತಾದ 15 ಲಕ್ಷಣಗಳು ಎಷ್ಟು ಕಾಡುತ್ತಿವೆ ಎಂದಷ್ಟೇ ಕೇಳುತ್ತದೆ. ಲಕ್ಷಣ ಬಹಳ ಇದ್ದು ಭಯವೇ ಇಲ್ಲದವರಿದ್ದಾರೆ, ಒಂದೇ ಒಂದು ಗಂಟು ಕಂಡು ತಿಂಗಳುಗಟ್ಟಲೆ ನಿದ್ದೆ ಕಳೆದುಕೊಂಡವರಿದ್ದಾರೆ. ಜೊತೆಗೆ ಕೊಡಬಹುದು, ಬದಲಿಗೆ ಕೊಡಬಾರದು. ಬಾರ್ಸ್ಕಿ ಅವರ ಸೊಮ್ಯಾಟೊಸೆನ್ಸರಿ ಆಂಪ್ಲಿಫಿಕೇಶನ್ ಸ್ಕೇಲ್‌ಗೂ ಇದೇ ಮಾತು: 10 ಅಂಶಗಳಲ್ಲಿ ಮೈಯ ಸಂವೇದನೆಗಳನ್ನು ಹಿಗ್ಗಿಸಿ ಅನುಭವಿಸುವ ಗುಣವನ್ನಷ್ಟೇ ನೋಡುತ್ತದೆ. ಮೊಬೈಲಿನಲ್ಲಿ ಲಕ್ಷಣ ಹುಡುಕಿ ಹೆದರುವುದು ನಿಮ್ಮ ವಿಷಯವಾದರೆ ಸೈಬರ್‌ಕಾಂಡ್ರಿಯಾ ಸಿವಿಯರಿಟಿ ಸ್ಕೇಲ್ ಇದೆ. 2014ರ ಮೂಲದ 33 ಅಂಶಗಳಿಗಿಂತ 2019ರ 12 ಅಂಶಗಳ ರೂಪ ಸಾಕು.

ಕಾಯಿಲೆ ಖಚಿತವಾಗಿ ಇರುವವರಿಗೆ

ಇವರಿಗೆ ನಾನು ಸೂಚಿಸುವುದು 2006ರಲ್ಲಿ ಎಲಿಜಬೆತ್ ಬ್ರಾಡ್‌ಬೆಂಟ್ ಮತ್ತು ಸಂಗಡಿಗರು ಪ್ರಕಟಿಸಿದ ಬ್ರೀಫ್ ಇಲ್‌ನೆಸ್ ಪರ್ಸೆಪ್ಶನ್ ಕ್ವೆಶ್ಚನೇರ್. ಎಂಟು ಪ್ರಶ್ನೆಗಳಿಗೆ 0ರಿಂದ 10: ಕಾಯಿಲೆ ಬದುಕನ್ನು ಎಷ್ಟು ಕೆಡಿಸಿದೆ, ಎಷ್ಟು ಕಾಲ ಇರುತ್ತದೆ, ನನ್ನ ಹಿಡಿತ ಎಷ್ಟು, ಚಿಕಿತ್ಸೆಯಿಂದ ಪ್ರಯೋಜನ ಎಷ್ಟು, ಲಕ್ಷಣಗಳ ಅನುಭವ ಎಷ್ಟು, ಕಳವಳ ಎಷ್ಟು, ಅರ್ಥವಾಗಿರುವುದು ಎಷ್ಟು, ಮನಸ್ಸಿಗೆ ತಟ್ಟಿರುವುದು ಎಷ್ಟು. ಒಂಬತ್ತನೆಯದರಲ್ಲಿ ಕಾಯಿಲೆಗೆ ಮುಖ್ಯ ಕಾರಣಗಳೆಂದು ತಾವು ನಂಬುವ ಮೂರನ್ನು ತಮ್ಮ ಮಾತಿನಲ್ಲೇ ಹೇಳಬೇಕು. ಹಿಡಿತ, ಚಿಕಿತ್ಸೆ, ತಿಳಿವಳಿಕೆಯ ಪ್ರಶ್ನೆಗಳಲ್ಲಿ ಹೆಚ್ಚು ಅಂಕವೆಂದರೆ ಒಳ್ಳೆಯದು, ಉಳಿದವುಗಳಲ್ಲಿ ಕೆಟ್ಟದ್ದು. ಒಟ್ಟು ಹಾಕುವುದಾದರೆ ಆ ಮೂರನ್ನು ತಿರುಗಿಸಿ ಕೂಡಬೇಕು. ನಾನಾದರೆ ಕೂಡುವುದೇ ಇಲ್ಲ, ಒಂದೊಂದನ್ನೂ ಬೇರೆ ನೋಡುತ್ತೇನೆ. ವಯಸ್ಸಾದವರಿಗೆ ‘ಹತ್ತು ರೂಪಾಯಿಯಲ್ಲಿ ಎಷ್ಟು ರೂಪಾಯಿ’ ಎಂದು ಕೇಳಿದರೆ ಅಂಕ ತಟ್ಟನೆ ಬರುತ್ತದೆ.

ಆ ವಿದ್ಯಾರ್ಥಿನಿ ಮಾರ್ಗದರ್ಶಕರನ್ನು ಒಪ್ಪಿಸಿ ಇದನ್ನೂ ಹೆಲ್ತ್ ಆಂಗ್ಸೈಟಿ ಇನ್ವೆಂಟರಿಯ 14 ಅಂಶಗಳನ್ನೂ ಹಿಡಿದು ಮತ್ತೆ ವಾರ್ಡಿಗೆ ಹೋದಳು. ಕಾರಣಗಳ ಪ್ರಶ್ನೆಗೆ ಒಬ್ಬರು ಬರೆಸಿದ್ದನ್ನು ನನಗೆ ತೋರಿಸಿದಳು: ‘ನೋವಿನ ಮಾತ್ರೆ. ಮಗಳ ಮದುವೆಯ ಸಾಲ. ಹಣೆಬರಹ.’ ಅವರೊಂದಿಗೆ ಮುಂದೆ ಏನು ಮಾತನಾಡಬೇಕು ಎಂಬುದು ಆ ಮೂರು ಸಾಲುಗಳಲ್ಲಿತ್ತು. 108ರಲ್ಲಿ ಎಷ್ಟು ಎಂಬ ಹಳೆಯ ಅಂಕದಲ್ಲಿ ಅದು ಇರಲಿಲ್ಲ.

ಕನ್ನಡಕ್ಕೆ ತರುವಾಗ

ಕನ್ನಡ ರೂಪ ಬೇಕೆಂದರೆ ಮೊದಲು ಮೂಲ ಲೇಖಕರನ್ನೂ ಹಿಂದೆ ಬಳಸಿದ ಸಂಶೋಧಕರನ್ನೂ ಕೇಳಿ, ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ, ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂವರೂ ಕುಳಿತು ಜಗಳ ಬಗೆಹರಿಸಿಕೊಳ್ಳಬೇಕು. ಆಮೇಲೆ ಹತ್ತಾರು ಜನರಿಗೆ ಕೊಟ್ಟು, ಉತ್ತರವನ್ನಷ್ಟೇ ಪಡೆಯದೆ ‘ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅರ್ಥವಾಯಿತು’ ಎಂದು ವಿಚಾರಿಸಬೇಕು. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು.

ಪದಗಳಲ್ಲಿ ಮೊದಲ ಕಲ್ಲು ‘ಕಾಳಜಿ’. ‘ಆರೋಗ್ಯದ ಬಗ್ಗೆ ನಿಮಗೆ ಕಾಳಜಿ ಇದೆಯೇ’ ಎಂದರೆ ಯಾರು ತಾನೇ ಇಲ್ಲ ಎಂದಾರು? ಅದು ಸದ್ಗುಣದ ಪದ. ‘ಚಿಂತೆ’ ಎಂದರೆ ಅಳತೆ ಸರಿಹೋಗುತ್ತದೆ. ಕೆಲವು ಕಡೆ ‘ಅದೇ ಯೋಚನೆ ಹತ್ತಿಕೊಂಡಿರುತ್ತದೆಯೇ’ ಎಂಬುದು ಇನ್ನೂ ಹತ್ತಿರ. ಎದೆ ಢವಢವ, ಕೈಕಾಲು ಜುಮ್ಮೆನ್ನುವುದು, ಅಂಗಾಲು ಉರಿ, ಮೈ ಜೋಮು, ಗ್ಯಾಸ್ ಎದೆಗೇರುವುದು, ಇವು ಜನ ಆಡುವ ಮಾತುಗಳು. ಪುಸ್ತಕದ ‘ದೈಹಿಕ ಸಂವೇದನೆ’ ಎಂಬ ಪದ ಹಾಳೆಯಲ್ಲಿದ್ದರೆ ಪಕ್ಕದಲ್ಲಿ ಇಂಥ ಒಂದೆರಡು ಉದಾಹರಣೆ ಇರಲಿ, ಎಲ್ಲರಿಗೂ ಅವೇ ಉದಾಹರಣೆಗಳಾಗಲಿ.

ಗಡಿ ಅಂಕಗಳನ್ನು ಬ್ರಿಟನ್ನಿನ ಚಿಕಿತ್ಸಾಲಯಗಳಿಂದ ಎತ್ತಿ ತಂದು ಹಾಸನದಲ್ಲೋ ಬೀದರಿನಲ್ಲೋ ‘ಶೇಕಡಾ ಇಷ್ಟು ಜನರಿಗೆ ಕಾಯಿಲೆ’ ಎಂದು ಬರೆಯಬೇಡಿ. ಈ ಪ್ರಶ್ನಾವಳಿಗಳು ಹುಟ್ಟಿದ ಮೇಲೆ ರೋಗನಿರ್ಣಯದ ಚೌಕಟ್ಟೇ ಬದಲಾಗಿದೆ: ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ–5 ‘ಹೈಪೊಕಾಂಡ್ರಿಯಾಸಿಸ್’ (ರೋಗಭ್ರಮೆ) ಎಂಬ ಹೆಸರನ್ನು ಕೈಬಿಟ್ಟು ಎರಡು ಹೊಸ ರೋಗನಿರ್ಣಯಗಳನ್ನು ಇಟ್ಟಿತು, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ–11 ಆ ಹೆಸರನ್ನು ಉಳಿಸಿಕೊಂಡು ಗೀಳಿನ ಕಾಯಿಲೆಗಳ ಸಾಲಿಗೆ ಸೇರಿಸಿತು. ಅಂಕ ಹೆಚ್ಚು ಬಂದವರನ್ನು ಕೂರಿಸಿ ಮಾತನಾಡಿಸಬೇಕು ಎಂಬುದಷ್ಟೇ ಗಡಿಯ ಅರ್ಥ.

ಅಂಕ ಬಂದ ಮೇಲೆ ಅದನ್ನು ಆ ವ್ಯಕ್ತಿಗೆ ಹೇಳುವ ಗಳಿಗೆ ಇರುತ್ತದೆ. ‘ನಿಮಗೆ ಏನೂ ಇಲ್ಲ, ಎಲ್ಲ ಮನಸ್ಸಿನದ್ದು’ ಎಂದರೆ ಅವರು ಎದ್ದು ಇನ್ನೊಂದು ಆಸ್ಪತ್ರೆಗೆ ಹೋಗುತ್ತಾರೆ. ನಾನು ಹಾಳೆಯನ್ನು ಅವರ ಮುಂದಿಟ್ಟು, ‘ನಿಮ್ಮ ಎದೆನೋವು ಸುಳ್ಳಲ್ಲ. ಆದರೆ ದಿನದ ಹೆಚ್ಚಿನ ಹೊತ್ತು ಇದೇ ಯೋಚನೆ ಎಂದು ನೀವೇ ಇಲ್ಲಿ ಗುರುತು ಹಾಕಿದ್ದೀರಿ. ಆ ಹೊತ್ತನ್ನು ಕಡಿಮೆ ಮಾಡಲು ದಾರಿ ಇದೆ’ ಎನ್ನುತ್ತೇನೆ. ಅವರು ಬಗ್ಗಿ ತಮ್ಮದೇ ಗುರುತುಗಳನ್ನು ಬೆರಳಿಟ್ಟು ನೋಡುತ್ತಾರೆ. ಹತ್ತಿರದಲ್ಲಿ ಮನೋವೈದ್ಯರು ಇಲ್ಲದ ಊರಿನವರಾದರೆ ಅದೇ ಹಾಳೆಯ ಹಿಂದೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ದೊಡ್ಡದಾಗಿ ಬರೆದು, ಕನ್ನಡದಲ್ಲೇ ಮಾತನಾಡಬಹುದು ಎಂದು ಹೇಳಿ ಕೊಟ್ಟು ಕಳುಹಿಸುತ್ತೇನೆ.